18 ಹೆಕ್ಟೇರ್ ಎರೆ ಭೂಮಿಯ ಮಳೆನೀರಿಗೆ 2 ಹ್ಯೂಮ್ ಪೈಪು ಸಾಕೇ?

ವಿಜ್ಞಾನದ ಅಕ್ಕಾವರು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಕಲಬುರಗಿ ನಗರದ ಅಂಚಿನಲ್ಲಿರುವ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಶಾಲೆಯ ಮುಂದಿನ ರಸ್ತೆಯ ಕೆಳಗೆ 600 ಮಿ.ಮೀ. ವ್ಯಾಸದ ಎರಡು ಹ್ಯೂಮ್ ಪೈಪುಗಳ (ಕಾಂಕ್ರೀಟ್ ಕೊಳವೆಗಳ) ಸಿ.ಡಿ., ಎಂದರೆ ನೀರು ರಸ್ತೆಯಡಿ ದಾಟುವ ಅಡ್ಡ ಮೋರಿ, ಇದೆ. ಕಳೆದ ಸೆಪ್ಟೆಂಬರಿನ ಒಂದು ಸಂಜೆ ಮುಕ್ಕಾಲು ಗಂಟೆ ಸುರಿದ ಮಳೆಗೆ ನೀರು ರಸ್ತೆಯನ್ನೇ ದಾಟಿ ಶಾಲೆಯ ಅಂಗಳಕ್ಕೂ ಪಕ್ಕದ ಮನೆಗಳಿಗೂ ನುಗ್ಗಿತು. ಈಗ ರಸ್ತೆ ಅಗಲ ಮಾಡುವ ಕೆಲಸ ಮಂಜೂರಾಗಿದೆ, ಆದರೆ ಅಂದಾಜು ಪಟ್ಟಿಯಲ್ಲಿ ಅದೇ ಎರಡು ಪೈಪುಗಳನ್ನು ಉದ್ದ ಮಾಡಿ ಬಿಡಲಾಗಿದೆ.

ಅದರಲ್ಲಿ ತೋರಿಸಿರುವ ಲೆಕ್ಕ ಇಷ್ಟು: ನೀರು ಬರುವ ಪ್ರದೇಶ 18 ಹೆಕ್ಟೇರ್, ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದು ಬರುವ ಪಾಲು) 0.3, ದಿನದ ಮಳೆ 120 ಮಿ.ಮೀ., ಅದನ್ನು ಒಂದು ಗಂಟೆಗೆ ಇಳಿಸಿದರೆ 41.6 ಮಿ.ಮೀ., ಆದ್ದರಿಂದ ಬರುವ ನೀರು ಸೆಕೆಂಡಿಗೆ 0.62 ಘನ ಮೀಟರ್. ಎರಡು ಪೈಪುಗಳು ತುಂಬಿ ಹರಿದರೆ 0.87 ಘನ ಮೀಟರ್ ಸಾಗಿಸುತ್ತವೆ, ಹಾಗಾಗಿ ಸಾಕು ಎಂದು ಬರೆದಿದ್ದಾರೆ. ನೆನೆದ ಪಠ್ಯಪುಸ್ತಕಗಳನ್ನು ಎರಡು ದಿನ ಬಿಸಿಲಿಗೆ ಹರವಿ ಒಣಗಿಸಿದ ನನಗೆ ಈ ‘ಸಾಕು’ ಎಂಬ ಮಾತು ಒಪ್ಪಿಗೆಯಾಗುತ್ತಿಲ್ಲ, ಆದರೆ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ತೋರಿಸಲೂ ಆಗುತ್ತಿಲ್ಲ. ಜಾಗದಲ್ಲಿ 11 ಹೆಕ್ಟೇರ್ ತೊಗರಿ ಹೊಲ, 7 ಹೆಕ್ಟೇರ್ ಹೊಸ ಲೇಔಟ್ ಇದೆ. ದೂರದ ಮೂಲೆಯಿಂದ ಪೈಪಿನ ಬಾಯಿಗೆ 620 ಮೀಟರ್, ಇಳಿಜಾರು ಒಟ್ಟು ಸುಮಾರು 5 ಮೀಟರ್. ತಿಳಿದವರು ದಯವಿಟ್ಟು ಹಂತಹಂತವಾಗಿ ವಿವರಿಸಿ.

ಸಿವಿಲ್ ಕೊನೆಯ ವರ್ಷ (ಭಾಲ್ಕಿ)

ಅಕ್ಕಾವರೇ, ಅವರು ಬಳಸಿರುವುದು ರ‍್ಯಾಷನಲ್ ಸೂತ್ರ. ಐರ್ಲೆಂಡಿನ ಮಲ್ವೇನಿ 1851ರಲ್ಲಿ ಇದರ ಮೂಲ ವಿಚಾರವನ್ನು ಮುಂದಿಟ್ಟರು, ಅಮೆರಿಕದ ರೋಚೆಸ್ಟರ್ ನಗರದ ಚರಂಡಿಗಳಿಗಾಗಿ ಕುಯ್ಶ್‌ಲಿಂಗ್ 1889ರಲ್ಲಿ ಅದನ್ನು ಬಳಕೆಗೆ ತಂದರು. ಗುಣಾಂಕವನ್ನು ಗಂಟೆಗೆ ಇಷ್ಟು ಮಿ.ಮೀ. ಎಂಬ ಮಳೆಯ ತೀವ್ರತೆಯಿಂದಲೂ ಹೆಕ್ಟೇರಿನಿಂದಲೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂಬುದು ಬರುತ್ತದೆ. 0.3 × 41.6 × 18 ÷ 360 ಎಂದರೆ 0.62. ದಿನದ ಮಳೆಯನ್ನು ಗಂಟೆಗೆ ಇಳಿಸಲು ಹವಾಮಾನ ಇಲಾಖೆಯ ಘನಮೂಲದ ನಿಯಮವನ್ನು ಬಳಸಿದ್ದಾರೆ: ಬೇಕಾದ ಗಂಟೆಗಳನ್ನು 24ರಿಂದ ಭಾಗಿಸಿ, ಅದರ ಘನಮೂಲದಿಂದ ದಿನದ ಮಳೆಯನ್ನು ಗುಣಿಸುವುದು. ಗುಣಾಕಾರ ಸರಿಯಾಗಿಯೇ ಇದೆ.

ಎರೆಹೊಲ (ಚಿತ್ತಾಪುರ)

ಗುಣಾಂಕ 0.3 ಎಂದರೆ ಯಾವ ತಿಂಗಳಿನದು?

ಲೆವೆಲ್ ಕಡ್ಡಿ (ಕಲಬುರಗಿ)

ತಮ್ಮಾ, ಗುಣಾಕಾರ ಸರಿಯಿದ್ದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ. ರಸ್ತೆ ಮತ್ತು ಸಿ.ಡಿ. ಕೆಲಸಗಳಲ್ಲೇ ನೌಕರಿ ಮುಗಿಸಿದವನು ನಾನು. ಈ ತಪ್ಪನ್ನು ಹತ್ತಾರು ಅಂದಾಜು ಪಟ್ಟಿಗಳಲ್ಲಿ ನೋಡಿದ್ದೇನೆ, ಆರಂಭದ ವರ್ಷಗಳಲ್ಲಿ ಸ್ವತಃ ಮಾಡಿಯೂ ಇದ್ದೇನೆ.

ಈ ಸೂತ್ರದಲ್ಲಿ ಹಾಕಬೇಕಾದ ತೀವ್ರತೆ ಒಂದು ಗಂಟೆಯದ್ದಲ್ಲ. ದೂರದ ಮೂಲೆಯಲ್ಲಿ ಬಿದ್ದ ನೀರು ಪೈಪಿನ ಬಾಯಿಗೆ ಬಂದು ಸೇರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತಿನ ಮಳೆಯ ತೀವ್ರತೆಯನ್ನು ಹಾಕಬೇಕು. ಅದಕ್ಕೆ ಟೈಮ್ ಆಫ್ ಕಾನ್ಸೆಂಟ್ರೇಷನ್ ಎನ್ನುತ್ತಾರೆ, ನಾವು ಸೈಟಿನಲ್ಲಿ ಕೂಡುವ ಹೊತ್ತು ಎಂದೇ ಹೇಳುತ್ತಿದ್ದೆವು. ಕಿರ್ಪಿಚ್ ಸೂತ್ರದಲ್ಲಿ 620 ಮೀಟರ್ ಉದ್ದವನ್ನೂ ಮೀಟರಿಗೆ 0.008 ಇಳಿಜಾರನ್ನೂ ಇಟ್ಟರೆ ಸುಮಾರು 18 ನಿಮಿಷ ಬರುತ್ತದೆ. ಅದೇ ಘನಮೂಲದ ನಿಯಮದಿಂದ 18 ನಿಮಿಷದ ಮಳೆ ತೆಗೆದರೆ 27.9 ಮಿ.ಮೀ., ಎಂದರೆ ಗಂಟೆಗೆ 93 ಮಿ.ಮೀ. ತೀವ್ರತೆ. ಗುಣಾಂಕವನ್ನು ಮುಟ್ಟದೆಯೇ ನೀರು ಇಮ್ಮಡಿಗಿಂತ ಹೆಚ್ಚಾಗಿ 1.39 ಘನ ಮೀಟರ್ ಆಯಿತು. ಪೈಪುಗಳು ಇಲ್ಲಿಗೇ ಸೋತವು.

ವಿಜ್ಞಾನದ ಅಕ್ಕಾವರು (ಕಲಬುರಗಿ)

ಸಾಹೇಬರೇ, ಮಳೆ ಸುರಿದದ್ದು ಮುಕ್ಕಾಲು ಗಂಟೆ. ಹೀಗಿರುವಾಗ 18 ನಿಮಿಷವನ್ನು ಮಾತ್ರ ಏಕೆ ಹಿಡಿಯಬೇಕು? ಹೆಚ್ಚು ಹೊತ್ತಿನ ಮಳೆಯಲ್ಲಿ ಹೆಚ್ಚು ನೀರು ಇರುವುದಿಲ್ಲವೇ?

ಲೆವೆಲ್ ಕಡ್ಡಿ (ಕಲಬುರಗಿ)

ಒಟ್ಟು ನೀರು ಹೆಚ್ಚಿರುತ್ತದೆ, ನಿಜ. ಆದರೆ ಪೈಪಿಗೆ ಒಟ್ಟು ನೀರಿನ ಚಿಂತೆಯಿಲ್ಲ, ಒಂದು ಸೆಕೆಂಡಿನಲ್ಲಿ ಅದರ ಬಾಯಿಗೆ ಬಂದು ನಿಲ್ಲುವ ನೀರಿನ ಚಿಂತೆ ಮಾತ್ರ. ಮುಕ್ಕಾಲು ಗಂಟೆಯ ಮಳೆ ಒಂದೇ ಸಮನೆ ಸುರಿಯುವುದಿಲ್ಲ, ಅದರ ಹೊಟ್ಟೆಯಲ್ಲಿ ಹದಿನೈದಿಪ್ಪತ್ತು ನಿಮಿಷದ ಒಂದು ಜೋರು ಭಾಗ ಇರುತ್ತದೆ. ಆ ಜೋರು ಭಾಗ ನಿಮ್ಮ ಪ್ರದೇಶದ ಎಲ್ಲ ಮೂಲೆಗಳ ನೀರನ್ನು ಒಟ್ಟಿಗೆ ತಂದು ಸೇರಿಸುವಷ್ಟು ಹೊತ್ತು ನಡೆದರೆ ಹರಿವು ತುದಿ ಮುಟ್ಟುತ್ತದೆ. ಅದಕ್ಕಿಂತ ಕಡಿಮೆ ಹೊತ್ತಿನ ಮಳೆಯಲ್ಲಿ ದೂರದ ಮೂಲೆಯ ನೀರು ಬರುವಷ್ಟರಲ್ಲಿ ಹತ್ತಿರದ ನೀರು ದಾಟಿ ಹೋಗಿರುತ್ತದೆ. ಹೆಚ್ಚು ಹೊತ್ತು ಹಿಡಿದರೆ ಜೋರು ಮಳೆಯೂ ನಿಧಾನದ ಮಳೆಯೂ ಸರಾಸರಿಯಲ್ಲಿ ಬೆರೆತು ತೀವ್ರತೆ ಕಡಿಮೆಯಾಗಿ ಕಾಣುತ್ತದೆ. ನಿಮ್ಮ ಅಂದಾಜು ಪಟ್ಟಿಯಲ್ಲಿ ಆಗಿರುವುದು ಇದೇ.

ಎರೆಹೊಲ (ಚಿತ್ತಾಪುರ)

ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ನಾನು ಎಂಜಿನಿಯರ್ ಅಲ್ಲ, ಎರೆ ಭೂಮಿಯಲ್ಲಿ ತೊಗರಿ ಮತ್ತು ಹಿಂಗಾರಿ ಜೋಳ ಬೆಳೆಯುವವನು.

ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಹೊಲದಲ್ಲಿ ಮೊಣಕೈವರೆಗೆ ಕೈ ಇಳಿಯುವಂತಹ ಬಿರುಕುಗಳು ಬಿಟ್ಟಿರುತ್ತವೆ. ಮಿರಗದ ಮೊದಲ ಮಳೆ ಎಷ್ಟೇ ಜೋರಾಗಿ ಬರಲಿ, ನೀರು ಬಿರುಕಿನೊಳಗೆ ಇಳಿಯುತ್ತದೆಯೇ ಹೊರತು ಬದುವಿನವರೆಗೂ ಬರುವುದಿಲ್ಲ. ಅದೇ ಹೊಲ ನಾಲ್ಕು ಮಳೆ ಕುಡಿದ ಮೇಲೆ ಉಬ್ಬಿ, ಬಿರುಕುಗಳೆಲ್ಲ ಮುಚ್ಚಿ, ಮೇಲೆ ಅಂಟು ಅಂಟಾದ ಪದರವೊಂದು ಕೂರುತ್ತದೆ. ಪುಬ್ಬಿ, ಉತ್ತರಿ ಮಳೆಗಳ ಕಾಲಕ್ಕೆ ಅದರ ಮೇಲೆ ಬಿದ್ದ ನೀರು ಫರಸಿ ಕಲ್ಲಿನ ಮೇಲೆ ಬಿದ್ದಂತೆ ಓಡುತ್ತದೆ. ನಮ್ಮೂರ ಹಳ್ಳ ಜೂನ್ ತಿಂಗಳಿನಲ್ಲಿ ಪ್ರವಾಹ ಬಂದು ದಾಟಲಾಗದಂತಾದದ್ದನ್ನು ನಾನು ಕಂಡಿಲ್ಲ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮಾತ್ರ ಎಷ್ಟೋ ಸಲ ಕಂಡಿದ್ದೇನೆ. 2020ರ ಅಕ್ಟೋಬರಿನಲ್ಲಿ ಭೀಮೆ ಮತ್ತು ಕಾಗಿಣೆ ಹೇಗೆ ಬಂದವು ಎಂಬುದು ಈ ಭಾಗದ ಎಲ್ಲರಿಗೂ ನೆನಪಿದೆ.

ಇನ್ನೊಂದು ಮಾತು. ಹಿಂಗಾರಿ ಜೋಳಕ್ಕೆಂದು ಮುಂಗಾರಿನಲ್ಲಿ ಪಾಳು ಬಿಟ್ಟ ಎರೆ ಹೊಲ ಎಲ್ಲಕ್ಕಿಂತ ಹೆಚ್ಚು ನೀರನ್ನೂ ಮಣ್ಣನ್ನೂ ಕಳೆದುಕೊಳ್ಳುತ್ತದೆ. ನಮ್ಮಿಂದ ಹೆಚ್ಚು ದೂರವಿಲ್ಲದ ಪಟಾನ್‌ಚೆರುವಿನ ಇಕ್ರಿಸಾಟ್ ಬೆಳೆ ಸಂಶೋಧನಾ ಕೇಂದ್ರದವರು ಅಗಲ ಮಡಿ ಮತ್ತು ಸಾಲು ಪದ್ಧತಿಯನ್ನು ತೋರಿಸಿಕೊಟ್ಟದ್ದು ಇಂತಹ ಕಪ್ಪು ಮಣ್ಣಿನ ಹೊಲಗಳಿಗಾಗಿಯೇ. ಕಾಗದದ ಮೇಲೆ ವರ್ಷವಿಡೀ 0.3 ಎಂದು ಬರೆದವರು ಸೆಪ್ಟೆಂಬರಿನಲ್ಲಿ ಒಮ್ಮೆ ನಮ್ಮ ಹೊಲದೊಳಗೆ ಕಾಲಿಟ್ಟು ನೋಡಬೇಕು.

ಸಿವಿಲ್ ಕೊನೆಯ ವರ್ಷ (ಭಾಲ್ಕಿ)

ಕಾಕಾ, ನೀವು ಹೇಳಿದ್ದನ್ನು ಅಂಕಿಯಲ್ಲಿ ತೋರಿಸಲು ಬರುತ್ತದೆ. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆಯ ಕರ್ವ್ ನಂಬರ್ ವಿಧಾನದಲ್ಲಿ ಹಿಂದಿನ ಐದು ದಿನಗಳ ಮಳೆಯನ್ನು ನೋಡಿ ಭೂಮಿ ಒಣಗಿದೆಯೋ, ಮಧ್ಯಮವೋ, ನೆನೆದಿದೆಯೋ ಎಂದು ಮೂರು ಸ್ಥಿತಿಗಳನ್ನು ಹಿಡಿಯುತ್ತಾರೆ. ನೀರು ಇಂಗಿಸಿಕೊಳ್ಳುವ ಗುಣದ ಮೇಲೆ ಮಣ್ಣುಗಳನ್ನು ನಾಲ್ಕು ಗುಂಪು ಮಾಡಿರುವುದರಲ್ಲಿ ಎರೆ ಮಣ್ಣು ಕೊನೆಯ ಗುಂಪಿಗೆ ಸೇರುತ್ತದೆ. ನಮ್ಮ ದೇಶದ ಕಪ್ಪು ಮಣ್ಣಿಗೆಂದೇ ಸೂತ್ರದಲ್ಲಿ ಒಂದು ಬದಲಾವಣೆಯೂ ಇದೆ: ನೆನೆದ ಕಪ್ಪು ಮಣ್ಣು ಆರಂಭದಲ್ಲಿ ಹಿಡಿದಿಟ್ಟುಕೊಳ್ಳುವ ನೀರನ್ನು ಅದರ ಒಟ್ಟು ಸಾಮರ್ಥ್ಯದ ಹತ್ತರಲ್ಲಿ ಒಂದು ಪಾಲು ಎಂದೂ, ಒಣ ಮಣ್ಣಿಗೆ ಹತ್ತರಲ್ಲಿ ಮೂರು ಪಾಲು ಎಂದೂ ಹಿಡಿಯಬೇಕು.

ಕರ್ವ್ ನಂಬರ್ ಎಂದರೆ ನೆಲಕ್ಕೆ 100ರೊಳಗೆ ಕೊಡುವ ಅಂಕಿ, ಅದು ಹೆಚ್ಚಿದಷ್ಟೂ ಹರಿದು ಬರುವ ನೀರು ಹೆಚ್ಚು. ಮಧ್ಯಮ ಸ್ಥಿತಿಗೆ ಅದನ್ನು 85 ಎಂದು ಇಟ್ಟುಕೊಂಡು, 80 ಮಿ.ಮೀ. ಮಳೆಗೆ ಲೆಕ್ಕ ಹಾಕಿದೆ. ಒಣಗಿದ ಸ್ಥಿತಿಯಲ್ಲಿ ಹರಿದು ಬರುವುದು ಕೇವಲ 16 ಮಿ.ಮೀ., ನೆನೆದ ಸ್ಥಿತಿಯಲ್ಲಿ ಸುಮಾರು 63 ಮಿ.ಮೀ. ಅದೇ ಹೊಲ, ಅಷ್ಟೇ ಮಳೆ, ನಾಲ್ಕು ಪಟ್ಟು ವ್ಯತ್ಯಾಸ. ಒಂದು ಹೆಕ್ಟೇರಿನ ಮೇಲೆ ಒಂದು ಮಿ.ಮೀ. ನೀರು ಎಂದರೆ 10 ಘನ ಮೀಟರ್ ಆದ್ದರಿಂದ, 18 ಹೆಕ್ಟೇರಿನಿಂದ ಜೂನ್ ತಿಂಗಳಲ್ಲಿ 2,900 ಘನ ಮೀಟರ್, ಸೆಪ್ಟೆಂಬರಿನಲ್ಲಿ 11,300 ಘನ ಮೀಟರ್ ಬರುತ್ತದೆ. ಲೆಕ್ಕ ಮಾಡಿ ಮುಗಿಸಿದಾಗ ನನಗೇ ಆಶ್ಚರ್ಯವಾಯಿತು, ಎರಡು ಸಲ ತಾಳೆ ನೋಡಿದೆ.

ಕಾರೇಜ್ ದಾರಿ (ಬೀದರ್)

ಎಲ್ಲರೂ ಗುಣಾಂಕವನ್ನು ಏರಿಸುವ ಮಾತನ್ನೇ ಆಡುತ್ತಿದ್ದೀರಿ, ನಾನು ಸ್ವಲ್ಪ ತಡೆಯಬೇಕೆಂದಿದ್ದೇನೆ. ಸರ್ಕಾರದ ಹಣವೂ ಜನರ ಹಣವೇ. ಬೀದರಿನ ಪ್ರಸ್ಥಭೂಮಿಯ ಮೇಲೆ ಕೆಂಪು ಜಂಬಿಟ್ಟಿಗೆ ಇದೆ, ಅದರಲ್ಲಿ ಬಿದ್ದ ಮಳೆ ಎಷ್ಟು ಚೆನ್ನಾಗಿ ಇಂಗುತ್ತದೆ ಎಂದರೆ ಬಹಮನಿ ಕಾಲದವರು ನೌಬಾದಿನಲ್ಲಿ ನೆಲದೊಳಗೆ ಕಾರೇಜ್ ಸುರಂಗ ಕೊರೆದು ಆ ಇಂಗಿದ ನೀರನ್ನೇ ಊರಿಗೆ ತಂದರು. ಜಂಬಿಟ್ಟಿಗೆಯ ಮೂಲಕ ಇಳಿದ ನೀರು ಅದರ ಕೆಳಗಿನ ಕರಿಕಲ್ಲಿನ ಪದರದ ಮೇಲೆ ಹರಿಯುತ್ತದೆ ಎಂಬುದನ್ನು ಅವರು ಐದು ಶತಮಾನಗಳ ಹಿಂದೆಯೇ ಅರಿತಿದ್ದರು. ಇಂತಹ ನೆಲಕ್ಕೂ ನೀವು ಎರೆ ಹೊಲದ ಗುಣಾಂಕ ಹಾಕಿದರೆ ಪ್ರತಿ ಹಳ್ಳಿಯಲ್ಲೂ ಬೇಡದ ಬಾಕ್ಸ್ (ಪೈಪಿನ ಬದಲು ಕಾಂಕ್ರೀಟಿನ ಚೌಕಾಕಾರದ ದೊಡ್ಡ ಮೋರಿ) ಕಟ್ಟಿಸಿದಂತಾಗುತ್ತದೆ. ಕಾರೇಜಿನ ಬಾಯಿಗಳನ್ನು ಮುಚ್ಚಿ ಮನೆ ಕಟ್ಟಿದವರ ಬಗ್ಗೆ ಬೇರೆಯದೇ ಚರ್ಚೆ ಮಾಡಬೇಕು, ಇಲ್ಲಿ ಬೇಡ.

ಎರೆಹೊಲ (ಚಿತ್ತಾಪುರ)

ಅಣ್ಣಾವ್ರೇ, ಅಕ್ಕಾವರ ಶಾಲೆ ಬೀದರಿನಲ್ಲಿ ಇಲ್ಲ.

ಲೆವೆಲ್ ಕಡ್ಡಿ (ಕಲಬುರಗಿ)

ಬೀದರಿನವರ ಮಾತಿನಲ್ಲಿ ಅರ್ಧ ನಿಜವಿದೆ, ಆ ಅರ್ಧವನ್ನು ನಾನು ಗಟ್ಟಿಯಾಗಿ ಒಪ್ಪುತ್ತೇನೆ. ಒಂದೇ ಗುಣಾಂಕವನ್ನು ಮೂರು ಜಿಲ್ಲೆಗಳಿಗೆ ಹಂಚುವುದು ತಪ್ಪು. ಆದರೆ ಜಂಬಿಟ್ಟಿಗೆಯ ಮೇಲೆಯೂ ಲೇಔಟ್ ಆಗಿ ಕಾಂಕ್ರೀಟ್ ರಸ್ತೆ ಬಂದಮೇಲೆ ಕೆಳಗಿನ ಮಣ್ಣು ಎಷ್ಟು ನೀರು ಕುಡಿಯುತ್ತದೆ ಎಂಬ ಪ್ರಶ್ನೆಗೆ ಬೆಲೆ ಇಲ್ಲ, ನೀರಿಗೆ ಮಣ್ಣು ಸಿಗುವುದೇ ಇಲ್ಲವಲ್ಲ.

ಅಕ್ಕಾವರ ಜಾಗಕ್ಕೆ ನಾನು ಹೀಗೆ ಹಿಡಿಯುತ್ತೇನೆ. ನೆನೆದ ಎರೆ ಹೊಲಕ್ಕೆ 0.5, ಲೇಔಟಿಗೆ 0.65. ಹನ್ನೊಂದನ್ನು 0.5ರಿಂದ, ಏಳನ್ನು 0.65ರಿಂದ ಗುಣಿಸಿ ಕೂಡಿಸಿ, 18ರಿಂದ ಭಾಗಿಸಿದರೆ ಸರಾಸರಿ 0.56. ಹರಿವು ಸೆಕೆಂಡಿಗೆ 2.6 ಘನ ಮೀಟರ್. ಅಂದಾಜು ಪಟ್ಟಿಯ ನಾಲ್ಕು ಪಟ್ಟು.

ಫರಸಿಕಲ್ಲು (ಶಹಾಬಾದ)

ಗುಣಾಂಕದ ಬಗ್ಗೆ ಇಷ್ಟು ಚರ್ಚೆಯಾಯಿತು, ಆದರೆ ಆ 18 ಹೆಕ್ಟೇರ್ ಎಲ್ಲಿಂದ ಬಂತು ಎಂದು ಒಬ್ಬರಾದರೂ ಕೇಳಿದಿರಾ? ಭೂಮಾಪನ ಇಲಾಖೆಯ 1:50,000 ನಕ್ಷೆಯಲ್ಲಿ 20 ಮೀಟರಿಗೆ ಒಂದು ಸಮೋನ್ನತ ರೇಖೆ ಇರುತ್ತದೆ. ಅಕ್ಕಾವರ ಜಾಗದ ಒಟ್ಟು ಇಳಿಜಾರೇ 5 ಮೀಟರ್. ಅಂತಹ ನಕ್ಷೆಯಲ್ಲಿ ಈ ಜಾಗದ ನೀರಿನ ಗಡಿ ಕಾಣುವುದೇ ಇಲ್ಲ, ಗೆರೆ ಎಳೆದವರು ಕಣ್ಣಂದಾಜಿನಲ್ಲಿ ಎಳೆದಿರುತ್ತಾರೆ. ಉಪಗ್ರಹದ ಎತ್ತರದ ಮಾಹಿತಿಯೂ 30 ಮೀಟರಿಗೆ ಒಂದು ಬಿಂದುವಿನದಾದ್ದರಿಂದ ಇಷ್ಟು ಚಪ್ಪಟೆ ನೆಲದಲ್ಲಿ ಅದನ್ನು ನಂಬಲು ಬರುವುದಿಲ್ಲ.

ನಮ್ಮ ಕಡೆ ಕಲ್ಲು ಗಣಿಗಳ ಮಣ್ಣಿನ ದಿಬ್ಬಗಳು ನೀರಿನ ದಾರಿಯನ್ನು ಹೇಗೆ ತಿರುಗಿಸುತ್ತವೆ ಎಂಬುದನ್ನು ನಾನು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ. ಒಂದು ಮೊಣಕಾಲೆತ್ತರದ ಬದು, ಒಂದು ಎತ್ತರಿಸಿದ ರಸ್ತೆ, ಒಂದು ಕಾಂಪೌಂಡ್ ಗೋಡೆ ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಬೇರೆ ಹಳ್ಳಕ್ಕೆ ಹೋಗಬೇಕಾದ ನೀರು ನಿಮ್ಮ ಅಂಗಳಕ್ಕೆ ಬರುತ್ತದೆ. ಮಳೆ ಬರುವಾಗ ಛತ್ರಿ ಹಿಡಿದು ಮೇಲ್ಭಾಗದ ಗಡಿಯುದ್ದಕ್ಕೂ ನಡೆಯಿರಿ. ನೀರು ಯಾವ ಕಡೆಗೆ ಹೊರಳುತ್ತದೆ ಎಂದು ನೆಲವೇ ತೋರಿಸುತ್ತದೆ.

ವಿಜ್ಞಾನದ ಅಕ್ಕಾವರು (ಕಲಬುರಗಿ)

ಶಹಾಬಾದದ ಅಣ್ಣನವರ ಮಾತಿನಂತೆ ನಿನ್ನೆಯ ಮಳೆಯಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ನಡೆದು ನೋಡಿದೆ. ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೇಲ್ಭಾಗದಲ್ಲಿ ಇನ್ನೊಂದು ಲೇಔಟ್ ಇದೆ, ಸುಮಾರು 8 ಹೆಕ್ಟೇರ್. ಅದರ ನೀರು ಹಿಂದೆ ಪಶ್ಚಿಮದ ಹಳ್ಳಕ್ಕೆ ಹೋಗುತ್ತಿತ್ತು ಎಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ಈಗ ಎತ್ತರಿಸಿದ ಕಾಂಕ್ರೀಟ್ ರಸ್ತೆಯ ಪಕ್ಕದ ಗಟಾರ ಅದನ್ನೆಲ್ಲ ಹಿಡಿದು ನಮ್ಮ ಕಡೆಗೆ ತಂದು ಬಿಡುತ್ತಿದೆ. ಅಲ್ಲಿಂದ ಪೈಪಿನವರೆಗೆ ದೂರ 900 ಮೀಟರ್ ಆಗುತ್ತದೆ, ಇಳಿಜಾರಿನ ಪ್ರಮಾಣ ಹೆಚ್ಚು ಕಡಿಮೆ ಅಷ್ಟೇ.

ಫರಸಿಕಲ್ಲು (ಶಹಾಬಾದ)

ಆ ಗಟಾರದ ಬಾಯಿಯ ಫೋಟೋವನ್ನು ದಿನಾಂಕದ ಸಮೇತ ತೆಗೆದಿಟ್ಟುಕೊಳ್ಳಿ.

ಸಿವಿಲ್ ಕೊನೆಯ ವರ್ಷ (ಭಾಲ್ಕಿ)

ಹಾಗಾದರೆ 26 ಹೆಕ್ಟೇರ್. ದಾರಿ ಉದ್ದವಾದ್ದರಿಂದ ಕೂಡುವ ಹೊತ್ತು 23.5 ನಿಮಿಷ, ತೀವ್ರತೆ ಗಂಟೆಗೆ 78 ಮಿ.ಮೀ.ಗೆ ಇಳಿಯುತ್ತದೆ, ಗುಣಾಂಕ 0.59ಕ್ಕೆ ಏರುತ್ತದೆ. ಹರಿವು ಸೆಕೆಂಡಿಗೆ 3.3 ಘನ ಮೀಟರ್. ಕೆಲವೊಮ್ಮೆ ಪೂರ್ತಿ ಪ್ರದೇಶಕ್ಕಿಂತ ಪೈಪಿನ ಹತ್ತಿರದ ಗಟ್ಟಿ ನೆಲವೊಂದೇ ಹೆಚ್ಚು ಹರಿವು ಕೊಡುತ್ತದೆ ಎಂದು ನಮಗೆ ತರಗತಿಯಲ್ಲಿ ಎಚ್ಚರಿಸಿದ್ದರು, ಆದ್ದರಿಂದ ಹತ್ತಿರದ 7 ಹೆಕ್ಟೇರ್ ಲೇಔಟನ್ನು 10 ನಿಮಿಷದ ಮಳೆಗೆ ಪ್ರತ್ಯೇಕವಾಗಿ ನೋಡಿದೆ. 1.7 ಮಾತ್ರ ಬಂತು. ದೊಡ್ಡ ಅಂಕಿಯೇ ನಿಲ್ಲುತ್ತದೆ.

ಲೆವೆಲ್ ಕಡ್ಡಿ (ಕಲಬುರಗಿ)

ಚೆನ್ನಾಗಿ ಮಾಡಿದೆ ತಮ್ಮಾ. ಒಂದು ತಿದ್ದುಪಡಿ ಇದೆ. ಕಿರ್ಪಿಚ್ 1940ರಲ್ಲಿ ಆ ಸೂತ್ರ ಕೊಟ್ಟದ್ದು ಅಮೆರಿಕದ ಟೆನೆಸಿಯ ಸಣ್ಣ ಹೊಲಗಳ ಅಳತೆಗಳನ್ನು ಹಿಡಿದು. ನೀರು ಕಾಂಕ್ರೀಟ್ ಇಲ್ಲವೇ ಡಾಂಬರಿನ ಮೇಲೆ ಹರಡಿ ಹರಿಯುವ ಭಾಗಕ್ಕೆ ಆ ಹೊತ್ತನ್ನು 0.4ರಿಂದ ಗುಣಿಸುವ ರೂಢಿ ಇದೆ. ಎಂದರೆ ನಿಜವಾದ ಹೊತ್ತು 23 ನಿಮಿಷಕ್ಕಿಂತ ಕಡಿಮೆಯೇ ಇರಬಹುದು. 3.3 ಎಂಬುದನ್ನು ಯಾರೂ ಉಬ್ಬಿಸಿದ ಅಂಕಿ ಎನ್ನಲು ಬರುವುದಿಲ್ಲ.

ಹಳೆ ದಾಖಲೆ (ಯಾದಗಿರಿ)

ನಮ್ಮ ಮೂರೂ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು ಎಂಬುದನ್ನು ನೆನಪಿಸುತ್ತೇನೆ. ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ, ಮಂಜ್ರಾ ನದಿಗೆ ನಿಜಾಮ್ ಸಾಗರ ಕಟ್ಟಿಸಿದ ಅಲಿ ನವಾಜ್ ಜಂಗ್ ಬಹಾದೂರ್ ಅವರು ದಖ್ಖನ್ ಪ್ರದೇಶಕ್ಕೆಂದೇ ಒಂದು ಪ್ರವಾಹ ಸೂತ್ರ ಕೊಟ್ಟಿದ್ದಾರೆ, ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಅದರ ಗುಣಾಂಕ ಬೇರೆ ಬಗೆಯದು, 48ರಿಂದ 60. ಅಕ್ಕಾವರ ಮೊದಲಿನ 18 ಹೆಕ್ಟೇರನ್ನು 0.18 ಚದರ ಕಿಲೋಮೀಟರ್ ಎಂದು ಹಾಕಿದರೆ 8ರಿಂದ 10 ಘನ ಮೀಟರ್ ಬರುತ್ತದೆ. ನಮ್ಮ ನೆಲಕ್ಕಾಗಿ ಹುಟ್ಟಿದ ಸೂತ್ರವನ್ನು ಬಿಟ್ಟು ಅಮೆರಿಕದ ಹೊಲಗಳ ಸೂತ್ರಕ್ಕೆ ಏಕೆ ಜೋತು ಬೀಳಬೇಕು?

ಲೆವೆಲ್ ಕಡ್ಡಿ (ಕಲಬುರಗಿ)

ಅವರ ಮೇಲೆ ನನಗೆ ಅಪಾರ ಗೌರವವಿದೆ, ಆ ಗೌರವದಿಂದಲೇ ಹೇಳುತ್ತೇನೆ, ಆ ಸೂತ್ರವನ್ನು ಇಲ್ಲಿ ಬಳಸಬಾರದು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದ್ದನ್ನು ಕಂಡ ತಲೆಮಾರಿಗೆ ದೊಡ್ಡ ನದಿ ಹಳ್ಳಗಳ ಮಹಾಪ್ರವಾಹ ಎಷ್ಟು ಎಂದು ತಿಳಿಯಬೇಕಿತ್ತು. ಅದರಲ್ಲಿ ವಿಸ್ತೀರ್ಣ ಒಂದನ್ನು ಬಿಟ್ಟರೆ ಬೇರೇನೂ ಇಲ್ಲ. ಮಳೆ ಇಲ್ಲ, ಇಳಿಜಾರಿಲ್ಲ, ಮಣ್ಣಿಲ್ಲ, ಎಷ್ಟು ವರ್ಷಕ್ಕೊಮ್ಮೆ ಬರುವ ಪ್ರವಾಹ ಎಂಬುದೂ ಇಲ್ಲ. ಶಾಲೆಯ ಮುಂದಿನ ರಸ್ತೆಗೆ 10 ಘನ ಮೀಟರಿನ ಬೇಡಿಕೆ ಇಟ್ಟರೆ ಮೊದಲ ಮೇಜಿನಲ್ಲಿಯೇ ಅರ್ಜಿ ಬಿದ್ದು ಹೋಗುತ್ತದೆ, ಸರಿಯಾದ 3.3 ಕೂಡ ಅದರ ಜೊತೆಗೇ ಬಿದ್ದು ಹೋಗುತ್ತದೆ.

ಹಳೆ ದಾಖಲೆ (ಯಾದಗಿರಿ)

ಅರ್ಜಿಯ ಮಾತು ಸರಿ, ಒಪ್ಪಿದೆ. ಸೂತ್ರದ ವ್ಯಾಪ್ತಿಯ ಬಗ್ಗೆ ನಾನು ಯೋಚಿಸಿರಲಿಲ್ಲ.

ಸಗರನಾಡು (ಸುರಪುರ)

ಸೂತ್ರಗಳ ಜಗಳದಲ್ಲಿ ಎಲ್ಲರೂ ಮರೆತ ಸಾಕ್ಷಿಯೊಂದು ಅಕ್ಕಾವರ ಕಣ್ಣೆದುರೇ ಇದೆ. ಅಂದು ನೀರು ರಸ್ತೆ ದಾಟಿತಲ್ಲ, ಎಷ್ಟು ಅಗಲದಲ್ಲಿ, ಎಷ್ಟು ಆಳದಲ್ಲಿ ದಾಟಿತು? ನಮ್ಮಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ವಿತರಣಾ ಕಾಲುವೆಗಳ ಏರಿಗಳು ಹಳೆಯ ಹಳ್ಳಗಳನ್ನು ಅಡ್ಡಗಟ್ಟಿವೆ, ಮೇಲಿನ ಭತ್ತದ ಗದ್ದೆಗಳು ಬದು ತುಂಬುವವರೆಗೆ ನೀರು ಹಿಡಿದು ಆಮೇಲೆ ಒಮ್ಮೆಲೇ ಬಿಡುತ್ತವೆ. ಇಂತಹ ಕಡೆ ಯಾವ ಗುಣಾಂಕವೂ ನಿಲ್ಲುವುದಿಲ್ಲವಾದ್ದರಿಂದ ನಾವು ಗೋಡೆಯ ಮೇಲಿನ ನೀರಿನ ಗುರುತಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇವೆ.

ವಿಜ್ಞಾನದ ಅಕ್ಕಾವರು (ಕಲಬುರಗಿ)

ಗುರುತು ಇನ್ನೂ ಇದೆ! ಕಾಂಪೌಂಡಿನ ಸುಣ್ಣದ ಮೇಲೆ ಮಣ್ಣಿನ ಗೆರೆ ಉಳಿದಿದೆ. ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ಹಿಡಿದು ರಸ್ತೆಗೆ ವರ್ಗಾಯಿಸಿದೆವು. ನೀರು ದಾಟಿದ ಅಗಲ 16 ಮೀಟರ್, ರಸ್ತೆಯ ಮೇಲೆ ಸರಾಸರಿ ಆಳ 18 ಸೆಂ.ಮೀ. ಅಂದು ಎರಡೂ ಪೈಪುಗಳಲ್ಲಿ ಅರ್ಧದವರೆಗೆ ಹೂಳಿತ್ತು.

ಸಗರನಾಡು (ಸುರಪುರ)

ಬಹಳ ಒಳ್ಳೆಯ ಕೆಲಸ ಮಾಡಿದ್ದೀರಿ ಅಕ್ಕಾವರೇ. ರಸ್ತೆಯನ್ನು ಅಗಲ ನೆತ್ತಿಯ ಕೋಡಿ, ಎಂದರೆ ನೀರು ಮೇಲಿನಿಂದ ಹರಿದು ದಾಟುವ ಅಗಲವಾದ ಕಟ್ಟೆ ಎಂದು ಹಿಡಿಯೋಣ. ಆಳವನ್ನು ಅದರ ವರ್ಗಮೂಲದಿಂದ ಗುಣಿಸಿ, ಅಗಲದಿಂದಲೂ 1.7ರಿಂದಲೂ ಗುಣಿಸಬೇಕು. 0.18ಕ್ಕೆ ಅದು 0.076, ಅದನ್ನು 16 ಮತ್ತು 1.7ರಿಂದ ಗುಣಿಸಿದರೆ ಸುಮಾರು 2.1 ಘನ ಮೀಟರ್. ಹೂಳು ತುಂಬಿದ ಪೈಪುಗಳಲ್ಲಿ ಅರ್ಧ ಹರಿವು ಎಂದು 0.4 ಸೇರಿಸಿ. ಒಟ್ಟು 2.5. ಕೆಳಗಿನ ಬದಿಯಲ್ಲಿ ನೀರು ರಸ್ತೆಯ ಮಟ್ಟಕ್ಕೆ ನಿಂತಿದ್ದರೆ ಸ್ವಲ್ಪ ಕಡಿಮೆಯಾಗುತ್ತದೆ. ಏನೇ ಆದರೂ ಅಂದು ಬಂದ ನೀರು 0.62 ಆಗಿರಲು ಸಾಧ್ಯವೇ ಇಲ್ಲ. ನಿಮ್ಮ ಅರ್ಜಿಯ ಮೊದಲ ಸಾಲಿನಲ್ಲಿ ಸೂತ್ರ ಬರೆಯಬೇಡಿ, ಗೋಡೆಯ ಗುರುತನ್ನು ಬರೆಯಿರಿ.

ಲೆವೆಲ್ ಕಡ್ಡಿ (ಕಲಬುರಗಿ)

ಇದಕ್ಕೆ ನನ್ನ ಪೂರ್ಣ ಸಮ್ಮತಿ. ಸಣ್ಣ ಸೇತುವೆ ಮತ್ತು ಕಲ್ವರ್ಟುಗಳ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 13 ಮಾರ್ಗಸೂಚಿಯೂ ಒಂದಕ್ಕಿಂತ ಹೆಚ್ಚು ವಿಧಾನಗಳಿಂದ ಹರಿವನ್ನು ತೆಗೆದು ಹೋಲಿಸಬೇಕು ಎಂದೇ ಹೇಳುತ್ತದೆ. ಅವುಗಳಲ್ಲಿ ದೊಡ್ಡದನ್ನು ಹಿಡಿಯಬೇಕು, ಆದರೆ ಅದು ಎರಡನೆಯದರ ಒಂದೂವರೆ ಪಟ್ಟನ್ನು ಮೀರಬಾರದು. ಇಲ್ಲಿ 3.3 ಮತ್ತು 2.5, ಮಿತಿಯೊಳಗೇ ಇವೆ. ಒಂದೂವರೆ ಮೀಟರ್ ಅಗಲದ ಬಾಕ್ಸಿನಲ್ಲಿ ಒಂದು ಮೀಟರ್ ಆಳ ನೀರು, 200 ಮೀಟರಿಗೆ ಒಂದು ಮೀಟರ್ ಇಳಿಜಾರಿನಲ್ಲಿ ಹರಿದರೆ ಸುಮಾರು 4 ಘನ ಮೀಟರ್ ಸಾಗುತ್ತದೆ. ಎತ್ತರ 1.2 ಮೀಟರ್ ಇಟ್ಟರೆ ಕಸಕಡ್ಡಿಗೂ ಜಾಗ ಉಳಿಯುತ್ತದೆ, ಹೂಳು ತೆಗೆಯುವವರು ಬಗ್ಗಿ ಒಳಗೆ ಹೋಗಲೂ ಬರುತ್ತದೆ.

ಕೆಳಹೊಲ (ಆಳಂದ)

ನಿಮ್ಮ ಬಾಕ್ಸ್ ಆಗಲಿ, ಸಂತೋಷ. ಆ 3.3 ಘನ ಮೀಟರ್ ಆಮೇಲೆ ಯಾರ ಹೊಲಕ್ಕೆ ಹೋಗುತ್ತದೆ? ನಮ್ಮೂರಿನಲ್ಲಿ ಹೀಗೆಯೇ ರಸ್ತೆಯ ಸಿ.ಡಿ. ದೊಡ್ಡದು ಮಾಡಿದರು, ಮರು ವರ್ಷ ನನ್ನ ಹೊಲದಲ್ಲಿ ಎದೆಯುದ್ದದ ಕೊರಕಲು ಬಿತ್ತು. ರಸ್ತೆಯ ಮೇಲಿನವರಿಗೆ ಪರಿಹಾರವಾದದ್ದು ಕೆಳಗಿನವರಿಗೆ ಸಂಕಟವಾಗಬಾರದು. ಮೇಲೆಯೇ ನಾಲ್ಕು ಕೃಷಿ ಹೊಂಡ ತೆಗೆಸಿ ನೀರು ನಿಲ್ಲಿಸಿ ಎಂದು ಏಕೆ ಯಾರೂ ಹೇಳುವುದಿಲ್ಲ?

ಎರೆಹೊಲ (ಚಿತ್ತಾಪುರ)

ನಿಮ್ಮ ನೋವು ಅರ್ಥವಾಗುತ್ತದೆ, ನನ್ನ ಹೊಲದಲ್ಲೂ ಕೃಷಿ ಹೊಂಡ ಇದೆ. ಆದರೆ 21 ಮೀಟರ್ ಚೌಕದ, 3 ಮೀಟರ್ ಆಳದ ಹೊಂಡ ಹಿಡಿಯುವುದು ಇಳಿಜಾರು ಬದಿಗಳನ್ನು ಕಳೆದು 980 ಘನ ಮೀಟರಿನಷ್ಟು. ಭಾಲ್ಕಿಯ ತಮ್ಮ ತೆಗೆದ 11,300 ಘನ ಮೀಟರಿಗೆ ಅಂತಹ ಹನ್ನೊಂದು ಹನ್ನೆರಡು ಬೇಕು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ರೈತ ಹೊಂಡ ತುಂಬಿಸಿಕೊಳ್ಳುವುದು ಹಿಂಗಾರಿಗೆ ನೀರಿರಲಿ ಎಂದು. ಸೆಪ್ಟೆಂಬರಿನ ಜೋರು ಮಳೆ ಬರುವ ಹೊತ್ತಿಗೆ ಅದು ತುಂಬಿಯೇ ಇರುತ್ತದೆ. ತುಂಬಿದ ಹೊಂಡ ಪ್ರವಾಹವನ್ನು ತಡೆಯುವುದಿಲ್ಲ, ಅದನ್ನು ದಾಟಿಸಿ ಕಳಿಸುತ್ತದೆ. ಪ್ರವಾಹ ತಡೆಯಬೇಕಾದರೆ ಖಾಲಿಯಾಗಿಯೇ ಇರುವ, ಕೆಳಗೆ ಸಣ್ಣ ಪೈಪಿನಿಂದ ನಿಧಾನಕ್ಕೆ ಬಸಿಯುವ ತಗ್ಗು ಬೇಕು.

ಕೆಳಹೊಲ (ಆಳಂದ)

ಹಾಗಾದರೆ ಅಂತಹ ತಗ್ಗನ್ನು ಮೇಲಿನ ಲೇಔಟಿನ ಉದ್ಯಾನದ ಜಾಗದಲ್ಲಿ ಮಾಡಿಸಲಿ. 8 ಹೆಕ್ಟೇರ್ ನೀರನ್ನು ಅಡ್ಡದಾರಿಗೆ ತಿರುಗಿಸಿದವರು ಅವರೇ ಅಲ್ಲವೇ?

ಲೆವೆಲ್ ಕಡ್ಡಿ (ಕಲಬುರಗಿ)

ಈ ಮಾತು ನ್ಯಾಯವಾದದ್ದು. ಅಕ್ಕಾವರೇ, ಅರ್ಜಿಯಲ್ಲಿ ಎರಡು ಬೇಡಿಕೆಗಳಿರಲಿ: ಮೇಲಿನ ಗಟಾರವನ್ನು ಪಶ್ಚಿಮದ ಹಳ್ಳಕ್ಕೆ ಮರಳಿ ತಿರುಗಿಸುವುದು, ಇಲ್ಲವೇ ಅಲ್ಲಿಯೇ ನೀರು ತಡೆಯುವ ತಗ್ಗು ಮಾಡುವುದು ಒಂದು. ಬಾಕ್ಸಿನ ಕೆಳಗಿನ ಬದಿಯಲ್ಲಿ ಹಳ್ಳ ಸೇರುವವರೆಗೂ ಕಲ್ಲು ಹಾಸಿದ ನಾಲಾ ಮಾಡುವುದು ಇನ್ನೊಂದು. ಪೈಪನ್ನು ಬಾಕ್ಸ್ ಮಾಡಿ ಕೆಳಗೆ ಬಾಯಿ ಬಿಟ್ಟು ಬರುವುದು ಅರ್ಧ ಕೆಲಸ.

ಕಾರೇಜ್ ದಾರಿ (ಬೀದರ್)

ಮತ್ತೆ ಅಡ್ಡ ಮಾತಾಡುತ್ತೇನೆ, ಬೇಸರ ಬೇಡ. ನೀವೆಲ್ಲರೂ ಕಟ್ಟಿರುವ ಲೆಕ್ಕದ ಬುಡದಲ್ಲಿ 120 ಮಿ.ಮೀ. ಇದೆ. ಅದು ಎಷ್ಟು ವರ್ಷಕ್ಕೊಮ್ಮೆ ಬರುವ ಮಳೆ? ಐದು ವರ್ಷಕ್ಕೊಮ್ಮೆ ಬರುವುದಾದರೆ, 25 ವರ್ಷ ಬಾಳುವ ಕಟ್ಟಡ ಒಮ್ಮೆಯಾದರೂ ಅದನ್ನು ಮೀರಿದ ಮಳೆ ಕಾಣುವುದು ನೂರಕ್ಕೆ 99ಕ್ಕಿಂತ ಹೆಚ್ಚು ಖಚಿತ. 25 ವರ್ಷಕ್ಕೊಮ್ಮೆಯ ಮಳೆಗೆ ಕಟ್ಟಿದರೂ ಆ ಸಂಭವ ನೂರಕ್ಕೆ 64. ಇದನ್ನು ಹೇಳದೆ ಬರೀ 120 ಎಂದು ಬರೆದರೆ ಏನನ್ನು ಒಪ್ಪಿಕೊಂಡೆವು ಎಂಬುದು ಯಾರಿಗೂ ತಿಳಿಯುವುದಿಲ್ಲ. ಘನಮೂಲದ ನಿಯಮವೂ ಅಂದಾಜಿನದೇ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದ್ದಾರೆ, ಅವು 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಆ ಸಂಜೆಯ ಅಂಕಿಗಳನ್ನು ಕೇಳಿ ಪಡೆದರೆ ನೀವು ಊಹಿಸಿದ ತೀವ್ರತೆಯನ್ನು ನಿಜದ ಜೊತೆ ಹೋಲಿಸಬಹುದು.

ಎರೆಹೊಲ (ಚಿತ್ತಾಪುರ)

ಈ ಸಲ ಬೀದರಿನವರು ನಮ್ಮೆಲ್ಲರಿಗಿಂತ ಸರಿಯಾದ ಪ್ರಶ್ನೆ ಕೇಳಿದ್ದಾರೆ.

ವಿಜ್ಞಾನದ ಅಕ್ಕಾವರು (ಕಲಬುರಗಿ)

ಅಂದಾಜು ಪಟ್ಟಿಯನ್ನು ಮತ್ತೆ ಮೊದಲಿನಿಂದ ಓದಿದೆ, 120ರ ಪಕ್ಕದಲ್ಲಿ ಯಾವ ವಿವರವೂ ಇಲ್ಲ. ಸಮೀಪದ ಮಳೆಮಾಪಕದ ಆ ದಿನದ ಅಂಕಿಗಳಿಗಾಗಿ ಇಂದೇ ಪತ್ರ ಕಳಿಸಿದ್ದೇನೆ. ಅರ್ಜಿಯ ಕರಡು ಸಿದ್ಧವಾಗಿದೆ: ಮೊದಲು ಗೋಡೆಯ ಗುರುತು ಮತ್ತು ಮಕ್ಕಳ ಅಳತೆ, ನಂತರ 26 ಹೆಕ್ಟೇರಿನ ಕೈನಕ್ಷೆ ಮತ್ತು ಗಟಾರದ ಫೋಟೋ, ಆಮೇಲೆ 18 ಮತ್ತು 23 ನಿಮಿಷಗಳ ಲೆಕ್ಕ, ಕೊನೆಯಲ್ಲಿ ಆ ಎರಡು ಬೇಡಿಕೆಗಳು. ಸೋಮವಾರ ಪೋಷಕರ ಸಹಿಗಳೊಡನೆ ಸಲ್ಲಿಸುತ್ತೇವೆ. ಸಲ್ಲಿಸುವ ಮೊದಲು ಇನ್ನೇನಾದರೂ ಅಳೆಯಬೇಕಾದದ್ದು ಉಳಿದಿದೆಯೇ?

ಲೆವೆಲ್ ಕಡ್ಡಿ (ಕಲಬುರಗಿ)

ಒಂದು ಉಳಿದಿದೆ. ಪೈಪಿನ ಹೊರಬಾಯಿಯ ತಳಕ್ಕೂ ಕೆಳಗಿನ ಹಳ್ಳದ ತಳಕ್ಕೂ ಇರುವ ಮಟ್ಟದ ವ್ಯತ್ಯಾಸ. ಹಳ್ಳದ ತಳವೇ ಮೇಲಿದ್ದರೆ ಎಷ್ಟು ದೊಡ್ಡ ಬಾಕ್ಸ್ ಇಟ್ಟರೂ ನೀರು ಅಲ್ಲಿಯೇ ನಿಂತು ಹೂಳು ಕೂರುತ್ತದೆ. ಶನಿವಾರ ಬೆಳಿಗ್ಗೆ ನಾನೇ ಮಟ್ಟ ಅಳೆಯುವ ನನ್ನ ಆಟೋ ಲೆವೆಲ್ ಯಂತ್ರ ತೆಗೆದುಕೊಂಡು ಬರುತ್ತೇನೆ, ಸ್ಟಾಫ್ (ಅಳತೆ ಕಡ್ಡಿ) ಹಿಡಿಯಲು ನಿಮ್ಮ ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳಿದ್ದರೆ ಸಾಕು.